ಸೂಜಕ್ಕ ಮಾತಿಗೊಂದು ಮನೆ ಹುಡುಕಿದ್ದು

ಐವತ್ತಮೂರು ವರ್ಷದ ಆ ಹೆಂಗಸಿಗೆ ಬೀದಿಯಲ್ಲಿ ಟೈಲರಮ್ಮ ಅಂತ ಹೆಸರು, ಆಟದಲ್ಲಿ ಸೂಜಕ್ಕ ಅಂತ. ಯಾವ ಹೆಸರಲ್ಲಿ ಕರೆದರೂ ತಲೆ ಎತ್ತುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಮೂಲೆಯಲ್ಲಿ ನಾದಿನಿ ಕೂತು ಶರಟಿಗೆ ಕಾಜಾ ಹಾಕುತ್ತಿದ್ದಳು. ಇನ್ನೊಂದು ಮೂಲೆಯಲ್ಲಿ ಸೂಜಕ್ಕನ ಕಸೂತಿ ಯಂತ್ರ, ಅದರ ಪಕ್ಕದಲ್ಲೇ ಒಂದು ಕಂಪ್ಯೂಟರು. ಶಾಲೆ ಮಕ್ಕಳ ಜೇಬಿನ ಮೇಲೆ ಕೂರುವ ಲಾಂಛನಗಳನ್ನು ಆ ಯಂತ್ರ ಹೊಲಿಯುತ್ತಿತ್ತು.

ಚೌಕಟ್ಟಿಗೆ ಒಂದು ಸಲ ಬಟ್ಟೆ ಸಿಕ್ಕಿಸಿದರೆ ಯಂತ್ರ ನಲವತ್ತು ನಿಮಿಷ ಒಂದೇ ಸಮ ಗಡಗಡ ಅನ್ನಬೇಕು. ಅಷ್ಟು ಹೊತ್ತು ಅವಳಿಗೆ ಬೇರೆ ಕೆಲಸವಿಲ್ಲ. ಹಾಗಂತ ಎದ್ದು ಹೋಗುವಂತೆಯೂ ಇಲ್ಲ, ದಾರ ಕಡಿದರೆ ನೋಡಬೇಕು. ಮೊದಲೆಲ್ಲ ಗೋಡೆ ನೋಡುತ್ತಾ ಕೂರುತ್ತಿದ್ದಳು. ಆರು ವರ್ಷದ ಹಿಂದೆ ಒಂದು ದಿನ ಕಂಪ್ಯೂಟರಿನಲ್ಲಿ ಯಾವುದೋ ಹಡಗಿನ ಆಟದ ಜಾಹೀರಾತು ಬಂತು. ಇದೇನು ನೋಡೋಣ ಅಂತ ಒತ್ತಿದಳು. ಒತ್ತಿದ್ದೇ ಒತ್ತಿದ್ದು, ವರ್ಷ ತಿರುಗುವಷ್ಟರಲ್ಲಿ ಇಪ್ಪತ್ತಾರು ಜನರ ಒಂದು ಗುಂಪಿಗೆ ನಾಯಕಿಯಾಗಿ ಕೂತಿದ್ದಳು.

ಆಟ ಹೀಗೆ. ಮಂಜು ಮುಸುಕಿದ ಕಡಲಲ್ಲಿ ಹಡಗು ನಡೆಸಬೇಕು. ಚುಕ್ಕಾಣಿ ಹಿಡಿದವರಿಗೆ ಮುಂದಿನ ಬಂಡೆ ಕಾಣುವುದಿಲ್ಲ. ಹಾಯಿಪಟದ ಕಂಬ ಹತ್ತಿ ಕೂತವರಿಗೆ ಬಂಡೆ ಕಾಣುತ್ತದೆ, ಆದರೆ ಅವರ ಕೈಯಲ್ಲಿ ಚುಕ್ಕಾಣಿ ಇಲ್ಲ. ಹಾಗಾಗಿ ಬಾಯಿಬಿಟ್ಟು ಹೇಳದೆ ಆಟ ಒಂದು ಮಾರೂ ಮುಂದೆ ಹೋಗದು. ಸಂಜೆ ಐದಕ್ಕೆ ಎಲ್ಲರೂ ಅಂತರ್ಜಾಲದ ಒಂದು ಮಾತಿನ ಕೋಣೆಯಲ್ಲಿ ಸೇರುತ್ತಿದ್ದರು. ಸೂಜಕ್ಕನ ಮೈಕಿನಿಂದ ಕಸೂತಿ ಯಂತ್ರದ ಸದ್ದು ಎಲ್ಲರ ಕಿವಿಗೂ ಬೀಳುತ್ತಿತ್ತು. "ಸೂಜಕ್ಕ ರೈಲು ಹತ್ತಿದ್ರು, ಇನ್ನು ಹೊರಡಬಹುದು" ಅಂತ ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಒಳಗೊಳಗೇ ಸಂಕೋಚಪಡುತ್ತಿದ್ದಳು.

ಅವಳ ಹಡಗಿನ ಕಂಬದ ಮೇಲೆ ಕೂರುತ್ತಿದ್ದವರು ಅಂಚೆಯಣ್ಣ. ಬೇರೆ ಯಾವುದೋ ಊರಿನ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ. ಅವರಷ್ಟು ಚುರುಕು ಕಣ್ಣು ಗುಂಪಿನಲ್ಲಿ ಇನ್ನೊಬ್ಬರಿಗಿರಲಿಲ್ಲ. ಅವರಿಗೆ ಚಿಕ್ಕಂದಿನಿಂದ ಮಾತು ತೊದಲುತ್ತಿತ್ತು. ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಅವರು "ಎ... ಎ..." ಅನ್ನುವಷ್ಟರಲ್ಲೇ ಸೂಜಕ್ಕ ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿರುತ್ತಿದ್ದಳು. "ಬ..." ಅಂದರೆ ಬಲಕ್ಕೆ. ಪೂರ್ತಿ ಮಾತು ಬರುವ ಹೊತ್ತಿಗೆ ಬಂಡೆ ಹಿಂದೆ ಸರಿದಿರುತ್ತಿತ್ತು.

ಹೀಗಿರುವಾಗ ಆ ಮಾತಿನ ಕೋಣೆಯವರು, ತಿಂಗಳ ಕೊನೆಗೆ ಬಾಗಿಲು ಮುಚ್ಚುತ್ತೇವೆ ಅಂತ ಒಂದು ಸೂಚನೆ ಹಾಕಿದರು. ಗುಂಪಿನಲ್ಲಿ ಗುಲ್ಲೋ ಗುಲ್ಲು. ಒಬ್ಬೊಬ್ಬರದು ಒಂದೊಂದು ಸಲಹೆ. ಕೊನೆಗೆ ಎಲ್ಲರೂ ಸೇರಿ, "ನೀವೇ ನೋಡಿ ಒಂದು ಆರಿಸಿಬಿಡಿ ಅಕ್ಕ" ಅಂತ ಅವಳ ತಲೆಗೆ ಕಟ್ಟಿದರು.

ಬಟ್ಟೆ ಕೊಳ್ಳುವಾಗ ಎಳೆದು, ಉಜ್ಜಿ, ಒಂದು ಮೂಲೆ ಒದ್ದೆ ಮಾಡಿ ನೋಡುವ ಜೀವ ಅದು. ಮಾತಿನ ಕೋಣೆಯನ್ನೂ ಹಾಗೇ ಪರೀಕ್ಷೆ ಮಾಡಲು ಹೊರಟಳು. ಮೂರು ಹೆಸರು ಉಳಿಸಿಕೊಂಡಳು. ಹೆಸರೆಲ್ಲ ಇಂಗ್ಲಿಷಿನವು, ನಾಲಿಗೆ ಮೇಲೆ ನಿಲ್ಲುತ್ತಿರಲಿಲ್ಲ. ಅವುಗಳ ಗುರುತಿನ ಚಿತ್ರದ ಬಣ್ಣ ನೋಡಿ ಹಸಿರು, ನೀಲಿ, ಬೂದು ಅಂತ ಕರೆದಳು.

ಹಸಿರು ಒಂದೇ ದಿನಕ್ಕೆ ಮುಗಿಯಿತು. ಅದರಲ್ಲಿ ಸೇರಿದವರ ಫೋನ್ ನಂಬರು ಎಲ್ಲರಿಗೂ ಕಾಣುತ್ತಿತ್ತು. ಗುಂಪಿನಲ್ಲಿದ್ದ ನರ್ಸಮ್ಮ, "ನನ್ನ ನಂಬರು ನಮ್ಮ ವಾರ್ಡಿನವರಿಗೇ ಕೊಟ್ಟಿಲ್ಲ, ಇನ್ನು ಇಪ್ಪತ್ತೈದು ಜನಕ್ಕೆ ಹಂಚಲಾ? ನಾನಂತೂ ಬರಲ್ಲ" ಅಂದುಬಿಟ್ಟಳು. ಸೂಜಕ್ಕನಿಗೂ ಅದು ಸರಿ ಅನ್ನಿಸಿತು.

ನೀಲಿ ಮಾತ್ರ ಮೊದಲ ನೋಟಕ್ಕೇ ಮನಸ್ಸು ಗೆದ್ದಿತು. ಚಂದವೂ ಇತ್ತು, ಸಲೀಸೂ ಇತ್ತು. ಅದರ ದೊಡ್ಡ ಗುಣ ಅಂದರೆ ಹಿಂದಿನ ಗದ್ದಲವನ್ನೆಲ್ಲ ತಾನೇ ನುಂಗಿ ಬರೀ ಮಾತನ್ನು ದಾಟಿಸುವುದು.

"ಏನಕ್ಕ, ಇವತ್ತು ಮಷಿನ್ ನಿಲ್ಸಿದ್ದೀರಾ?" ಅಂತ ನರ್ಸಮ್ಮ ಕೇಳಿದಳು.

"ಇಲ್ವಲ್ಲ ತಾಯಿ, ಮೊಣಕೈ ಪಕ್ಕದಲ್ಲೇ ಓಡ್ತಾ ಇದೆ."

ಎಲ್ಲರೂ ಬೆರಗಾದರು. ಆರು ವರ್ಷದ ಸಂಕೋಚ ಒಂದೇ ಸಂಜೆಗೆ ಕಳಚಿಬಿದ್ದಂತೆ ಸೂಜಕ್ಕ ಹಗುರಾದಳು. ಇದೇ ಸರಿ, ಇನ್ನೇನು ನೋಡೋದು ಅಂತ ಮನಸ್ಸಿನಲ್ಲೇ ಗಂಟು ಹಾಕಿಬಿಟ್ಟಳು.

ಆದರೆ ಆ ವಾರ ಹಡಗು ಮೂರು ಸಲ ಬಂಡೆಗೆ ಬಡಿಯಿತು. "ಅಂಚೆಯಣ್ಣ ಮೇಲೆ ಕೂತು ತೂಕಡಿಸ್ತಿದ್ದಾರೆ" ಅಂತ ಯಾರೋ ತಮಾಷೆ ಮಾಡಿದರು. ಎರಡನೇ ಸಲ ಆ ತಮಾಷೆಗೆ ಯಾರೂ ನಗಲಿಲ್ಲ. ನಾಲ್ಕನೇ ದಿನ ಅಂಚೆಯಣ್ಣ, ಇನ್ನು ಮೇಲೆ ಬರೆದೇ ತಿಳಿಸುತ್ತೇನೆ ಅಂತ ಒಂದು ಸಾಲು ಹಾಕಿದರು. ಬರೆದು ಮುಗಿಸುವ ತನಕ ಬಂಡೆ ಕಾಯುತ್ತದೆಯೇ? ಐದನೇ ದಿನ ಅವರು ಬರಲೇ ಇಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ ಸೂಜಕ್ಕ ಕಿವಿಗೆ ಹೆಡ್‌ಫೋನ್ ಏರಿಸಿ ಕೂತಳು. ಸದ್ದಿನ ಗುಣ ಹೋಲಿಸಿ ನೋಡಲು ಆ ವಾರದ ಆಟವನ್ನೆಲ್ಲ ರೆಕಾರ್ಡ್ ಮಾಡಿಟ್ಟಿದ್ದಳು. ತನ್ನ ದನಿ ಗಂಟೆ ಹೊಡೆದ ಹಾಗೆ ಕೇಳಿತು. ನರ್ಸಮ್ಮನ ದನಿಯೂ ಹಾಗೇ. ಮೊದಲ ಬಂಡೆಗೆ ಮುಂಚೆ ಅಂಚೆಯಣ್ಣನ ದನಿ ಬಂತು: "...ಕ್ಕೆ." ಅಷ್ಟೇ. ಎರಡನೇ ಬಂಡೆಗೆ ಮುಂಚೆಯೂ "...ಕ್ಕೆ." ಎಡಕ್ಕೋ ಬಲಕ್ಕೋ, ದೇವರಿಗೇ ಗೊತ್ತು. ಮೊದಲ ಅಕ್ಷರದ ಮೇಲೆ ಅವರು ಪಡುತ್ತಿದ್ದ ಪಾಡನ್ನು ಈ ನೀಲಿ ಗದ್ದಲ ಅಂತ ತಿಳಿದು, ಕಸೂತಿ ಯಂತ್ರದ ಸದ್ದಿನ ಜೊತೆಗೇ ನುಂಗಿಹಾಕಿತ್ತು.

ಸೂಜಕ್ಕ ಅದನ್ನು ನಾಲ್ಕು ಸಲ ಕೇಳಿದಳು. ಆಮೇಲೆ ಬಿಡುವಾದಾಗ ಫೋನ್ ಮಾಡಿ ಅಂತ ಅವರಿಗೆ ತನ್ನ ನಂಬರು ಬರೆದು ಕಳಿಸಿದಳು. ಮಧ್ಯಾಹ್ನ ಊಟದ ಹೊತ್ತಿಗೆ ಅಂಚೆಯಣ್ಣ ಮಾಡಿದರು.

"ನಿಮ್ಮ ಮಾತು ನಮಗೆ ಪೂರ್ತಿ ಬರ್ತಾ ಇರಲಿಲ್ಲ ಅಣ್ಣ. ನಂಗೆ ಇವತ್ತು ಗೊತ್ತಾಯ್ತು."

"ನಂಗೆ ಮೊ... ಮೊದಲ ದಿನಾನೇ ಗೊತ್ತಾಯ್ತು. ಆ ಗದ್ದಲ ತೆಗೆಯೋದನ್ನ ಆಫ್ ಮಾಡಿ ನೋಡಿದೆ. ಆದ್ರೂ ನಾನು ತ... ತಡೆದ ಕೂಡಲೇ ಮೈಕು ಮುಚ್ಕೊಳ್ಳುತ್ತೆ. ನಂದು ಮುಗೀತು ಅಂತ ಬೇರೆಯವರು ಶುರು ಮಾಡ್ತಾರೆ."

"ಒಂದು ಮಾತು ಹೇಳೋದಲ್ವಾ ಮತ್ತೆ?"

ಅವರ ಮಾತಿಗೆ ಸೂಜಕ್ಕ ಕಾದಳು.

"ಎಲ್ರಿಗೂ ಇಷ್ಟ ಆಗಿತ್ತು. ನಿ... ನಿಮಗೂ."

ಅವಳಿಗೆ ಕೆನ್ನೆ ಬಿಸಿಯಾಯಿತು. ಫೋನ್ ಇಟ್ಟ ಮೇಲೆ ಊಟಕ್ಕೆ ಕೂತಳು, ಅನ್ನ ಕಲಸುತ್ತಲೇ ಇದ್ದಳು. "ಅತ್ತಿಗೆ, ಉಪ್ಪು ಜಾಸ್ತಿ ಆಯ್ತಾ?" ಅಂತ ನಾದಿನಿ ಎರಡು ಸಲ ಕೇಳಿದಳು.

ಉಳಿದದ್ದು ಬೂದು. ನೋಡಲು ಸರ್ಕಾರಿ ಅರ್ಜಿ ನಮೂನೆಯ ಹಾಗಿತ್ತು. ಅದನ್ನು ಯಾರಾದರೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ನಡೆಸಬೇಕಿತ್ತು. ಕಾಲೇಜೊಂದರಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದ ಒಬ್ಬ ಸದಸ್ಯ, ತಮ್ಮ ಮನೆಯ ಹಳೇ ಕಂಪ್ಯೂಟರು ಅದಕ್ಕೆ ಸಾಕು ಅಂತ ಒಪ್ಪಿಕೊಂಡರು. ಬೂದಿನಲ್ಲಿ ಮಾತಾಡಬೇಕಾದರೆ ಒಂದು ಗುಂಡಿ ಒತ್ತಿ ಹಿಡಿಯಬೇಕು. ಹಿಡಿದಷ್ಟು ಹೊತ್ತೂ ಹೆಸರಿನ ಪಕ್ಕ ಒಂದು ಪುಟ್ಟ ದೀಪ ಉರಿಯುತ್ತದೆ, ಬಾಯಿಂದ ಸದ್ದು ಬರಲಿ ಬಿಡಲಿ. ದೀಪ ಉರಿಯುತ್ತಿದ್ದರೆ ಆ ಮನುಷ್ಯನ ಮಾತು ಇನ್ನೂ ಮುಗಿದಿಲ್ಲ ಅಂತ ಅರ್ಥ. ಸೂಜಕ್ಕ ಆ ದೀಪವನ್ನೇ ಬಹಳ ಹೊತ್ತು ನೋಡಿದಳು.

ತೊಡಕು ಅವಳದೇ. ಅವಳು ಮಾತಾಡುವಾಗಲೆಲ್ಲ ಯಂತ್ರದ ಗಡಗಡವೂ ಎಲ್ಲರ ಕಿವಿಗೆ ಬೀಳುತ್ತದೆ. ಸಾಲದ್ದಕ್ಕೆ ಗುಂಡಿ ಒತ್ತಲು ಮೂರನೇ ಕೈ ಬೇಕು. ಒಂದು ಕೈ ಚುಕ್ಕಾಣಿಗೆ, ಇನ್ನೊಂದು ಪಟಕ್ಕೆ ಆಯಿತಲ್ಲ. ಗಂಡ ಮೋಟಾರು ರಿಪೇರಿ ಮಾಡುವವನು. ವಿಷಯ ಕೇಳಿ ನಕ್ಕ. "ಮೂವತ್ತು ವರ್ಷ ಕಾಲಲ್ಲೇ ದುಡಿದಿದ್ದೀಯ, ಈಗ ಕೈ ಇಲ್ಲ ಅಂತ ಅಳ್ತೀಯಲ್ಲೇ" ಅಂದು, ಅಟ್ಟದ ಮೇಲಿದ್ದ ಹಳೇ ಹೊಲಿಗೆ ಯಂತ್ರದ ಪೆಡಲು ಇಳಿಸಿದ. ಮೂರು ದಿನ ಅದರ ಹೊಟ್ಟೆ ಬಗೆದು, ತಂತಿ ಬೆಸೆದು, ಆ ಗುಂಡಿಯ ಬದಲಿಗೆ ಕಂಪ್ಯೂಟರಿಗೆ ಸಿಕ್ಕಿಸಿದ. ಮೊದಲ ದಿನ ಎಲ್ಲೋ ಎಡವಟ್ಟಾಗಿ, ಪೆಡಲು ತುಳಿದಾಗಲೆಲ್ಲ ಮಾತಿನ ಜೊತೆಗೆ ಹಡಗಿನ ಲಂಗರೂ ಬೀಳುತ್ತಿತ್ತು. ಸೂಜಕ್ಕ ಬಾಯಿ ತೆರೆದರೆ ಹಡಗು ಗಕ್ಕನೆ ನಿಲ್ಲುವುದು. "ಮನೆಯಲ್ಲೂ ಹಾಗೇ, ಇವಳು ಮಾತಾಡಿದ್ರೆ ಎಲ್ಲ ನಿಲ್ಲುತ್ತೆ" ಅಂತ ಗಂಡ ಹಿಂದಿನಿಂದ ಹೇಳಿದ್ದು ಹಡಗಿನವರಿಗೆಲ್ಲ ಕೇಳಿಸಿತು.

ತೀರ್ಮಾನದ ದಿನ ಬಂತು. ಎಲ್ಲರೂ ಬೂದಿನೊಳಗೆ ಸೇರಿದರು. ನೀಲಿಯಷ್ಟು ಚೆನ್ನಾಗಿರೋದನ್ನ ಬಿಟ್ಟು ಇದ್ಯಾಕೆ ಅಂತ ಹಲವರಿಗೆ ಅಸಮಾಧಾನ ಇತ್ತು. ಸೂಜಕ್ಕ ಕಾರಣ ಹೇಳಬೇಕಿತ್ತು, ಆದರೆ ಹಿಂದಿನ ದಿನವೇ ಅಂಚೆಯಣ್ಣ ಅವಳಿಗೆ ಬರೆದಿದ್ದರು: ನನ್ನ ಪರವಾಗಿ ನೀವು ಮಾತಾಡಬೇಡಿ, ನಾನೇ ಹೇಳುತ್ತೇನೆ.

ಅವರ ದೀಪ ಹೊತ್ತಿತು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಮಾತು ಬಂತು, ನಿಂತಿತು, ಮತ್ತೆ ಬಂತು. ನೀಲಿಯಲ್ಲಿ ಏನಾಗುತ್ತಿತ್ತು, ಬಂಡೆ ಯಾಕೆ ಬಡಿಯಿತು, ಎಲ್ಲವನ್ನೂ ಹೇಳಿದರು. ನಿಮಗೆ ನೀಲಿಯೇ ಬೇಕಿದ್ದರೆ ನನಗೆ ಬೇಸರವಿಲ್ಲ, ಆದರೆ ನಾನು ನಿದ್ದೆ ಮಾಡುತ್ತಿರಲಿಲ್ಲ ಅನ್ನೋದು ನಿಮಗೆ ಗೊತ್ತಿರಲಿ ಅಂದರು. ಮೂರು ನಿಮಿಷದ ಮೇಲೆ ಹಿಡಿಯಿತು. ಅಷ್ಟು ಹೊತ್ತೂ ಬೇರೆ ಒಂದು ದೀಪವೂ ಹೊತ್ತಲಿಲ್ಲ.

ಮೊದಲು ಮಾತಾಡಿದವನು ತೂಕಡಿಕೆಯ ತಮಾಷೆ ಮಾಡಿದ್ದವನೇ. "ತಪ್ಪಾಯ್ತು ಅಣ್ಣ" ಅಂದ. ಆಮೇಲೆ ನರ್ಸಮ್ಮ, "ನಂಗೆ ಬೂದೇ ಇರಲಿ" ಅಂದಳು. ಒಬ್ಬೊಬ್ಬರೇ ಒಪ್ಪಿದರು. ಮೂವರು ಮಾತ್ರ ಒಪ್ಪಲಿಲ್ಲ, ನೀಲಿಯಲ್ಲಿ ಬೇರೆ ಗುಂಪು ಕಟ್ಟಿಕೊಂಡು ಹೋದರು. ಜಗಳವೇನೂ ಆಗಲಿಲ್ಲ. ಅವರಲ್ಲೊಬ್ಬ ಎರಡು ವಾರದಲ್ಲೇ ಏನೂ ಆಗದವನಂತೆ ವಾಪಸು ಬಂದ. ಉಳಿದಿಬ್ಬರು ಬರಲಿಲ್ಲ. ಸೂಜಕ್ಕನಿಗೆ ಆಗಾಗ ಅವರ ನೆನಪಾಗುತ್ತಿತ್ತು.

ಹೊಸ ಕೋಣೆಗೆ ಬಂದು ಎರಡು ತಿಂಗಳಾಗುವ ಹೊತ್ತಿಗೆ, ವರ್ಷಗಟ್ಟಲೆ ದಾಟಲಾಗದೇ ಇದ್ದ ಬಡಗಣ ಕಡಲನ್ನು ಅವಳ ಹಡಗು ದಾಟಿತು. ಅಲ್ಲಿ ಹೆಜ್ಜೆಗೊಂದು ಬಂಡೆ. ಕಂಬದ ಮೇಲಿಂದ ಎ ಅಂದರೆ ಎಡ, ಬ ಅಂದರೆ ಬಲ. ಆಚೆ ದಡ ಕಂಡಾಗ ಅವಳ ಪಾದ ಪೆಡಲಿನ ಮೇಲೇ ಇತ್ತು. ಸುಮ್ಮನೆ ಅವಳ ದೀಪ ಉರಿಯುತ್ತಿತ್ತು, ಎಲ್ಲರೂ ಕಾದರು.

"ಸಾಕು ಬಿಡ್ರಪ್ಪ, ಬಂದ್ವಲ್ಲ" ಅಂದಳು ಕೊನೆಗೆ.

ಆ ಖುಷಿಗೆ ಅಂಚೆಯಣ್ಣ ತಮ್ಮ ಕಚೇರಿಯ ಕಥೆ ಒಂದನ್ನು ಶುರುಮಾಡಿದರು. ವಿಳಾಸದ ಜಾಗದಲ್ಲಿ ಬರೀ "ಅಜ್ಜಿಗೆ" ಅಂತ ಬರೆದಿದ್ದ ಒಂದು ಕಾಗದ ಬಂದಿತ್ತಂತೆ. ಅದನ್ನು ಹಿಡಿದು ಕಚೇರಿಯವರೆಲ್ಲ ಯಾರ ಅಜ್ಜಿ ಅಂತ ಹುಡುಕಿದ್ದು, ಕೊನೆಗೆ ಅದು ಅಲ್ಲಿನ ಮೇಲಧಿಕಾರಿ ಮೇಡಂ ಅವರ ಮೊಮ್ಮಗಳೇ ಡಬ್ಬಿಗೆ ಹಾಕಿದ್ದು ಅಂತ ಗೊತ್ತಾಗಿದ್ದು. ಹೇಳಿ ಮುಗಿಸಲು ಐದು ನಿಮಿಷ ಬೇಕಾಯಿತು. ನರ್ಸಮ್ಮನಿಗೆ ಅರ್ಧದಲ್ಲೇ ಗುಟ್ಟು ತಿಳಿದಿತ್ತಂತೆ, ಆದರೂ ತುಟಿ ಬಿಚ್ಚಿರಲಿಲ್ಲ. ಕಥೆ ಅಂಥಾ ನಗು ತರಿಸುವಂಥದ್ದೇನಲ್ಲ. ಎಲ್ಲರೂ ನಕ್ಕರು. ಸೂಜಕ್ಕನೂ ನಕ್ಕು, ಕಂಪ್ಯೂಟರು ಆರಿಸಿ, ನಾಳೆಯ ಶರಟುಗಳ ತೋಳು ಕತ್ತರಿಸಲು ಮೇಜಿನ ಮೇಲೆ ಬಟ್ಟೆ ಹರವಿದಳು.