ಸಾಂತೋಮಿನ ಹಿತ್ತಲಲ್ಲಿ ಸಿಕ್ಕ ಗೋಡೆ

ಚೆನ್ನೈಯ ಸಾಂತೋಮಿನಲ್ಲಿ, ಕಡಲಿಗೆ ಹತ್ತಿರದ ಓಣಿಯೊಂದರಲ್ಲಿ ನಾವು ಏಳು ವರ್ಷ ಬಾಡಿಗೆಗಿದ್ದೆವು. ಮಹಡಿಯ ಮೇಲೆ ನಾವು; ಕೆಳಗೆ ಮನೆಯೊಡತಿ, ಎಂಬತ್ತರ ಆಸುಪಾಸಿನ ಕ್ರೈಸ್ತ ವಿಧವೆ, ಒಬ್ಬರೇ. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ಅಪ್ಪ ವಿಮಾ ಕಚೇರಿಯಲ್ಲಿದ್ದರು. ನಮ್ಮೂರು ಹಂಪಿಯ ಪಕ್ಕದ ಹೊಸಪೇಟೆ.

ಎರಡು ಸಾವಿರದ ಮೂರರಲ್ಲಿ ಬಾವಿಯ ನೀರು ಉಪ್ಪಾಗಿ ಲಾರಿ ನೀರೇ ಗತಿಯಾಯಿತು. ಅದನ್ನು ತುಂಬಿಸಿಡಲು ಹಿತ್ತಲಲ್ಲಿ ನೆಲದೊಳಗೆ ತೊಟ್ಟಿ ಕಟ್ಟಿಸಬೇಕೆಂದು ಆಂಟಿ ಆಳುಗಳನ್ನು ಕರೆಸಿದರು. ಎದೆಮಟ್ಟ ಅಗೆಯುವಷ್ಟರಲ್ಲಿ ಹಾರೆ ಠಣ್ಣೆಂದಿತು. ನೋಡಿದರೆ ಹಳೆಯ ಗೋಡೆಯ ಬುಡ. ಅಗಲವಾದ, ತೆಳ್ಳಗಿನ ಇಟ್ಟಿಗೆಗಳು, ಸುಣ್ಣದ ಗಾರೆ, ನೀಲಿ ಹೂವಿನ ಪಿಂಗಾಣಿ ಚೂರುಗಳು.

ಅಪ್ಪ ಪಂಚೆ ಎತ್ತಿ ಕಟ್ಟಿ ಗುಂಡಿಗೇ ಇಳಿದರು. "ನೋಡವ್ವಾ, ಇದು ನಮ್ಮ ಹಂಪಿ ರಾಜರ ಕಾಲದ್ದು! ಇಲ್ಲೀತನಕ ಅವರ ಆಳ್ವಿಕಿ ಇತ್ತು."

"ಮೊದಲ್ಲ ಮೇಲ ವಾಂಗಪ್ಪಾ," ಎಂದು ನಾನು ತಮಿಳಿನಲ್ಲೇ ಗದರಿ ಅವರನ್ನು ಮೇಲಕ್ಕೆ ಕರೆದೆ.

ಜಗಲಿಯಲ್ಲಿ ಕೂತಿದ್ದ ಆಂಟಿ ನಕ್ಕರು. ಅವರು ಆಡುತ್ತಿದ್ದುದೂ ತಮಿಳೇ. "ಇಟ್ಟಿಗೆ ಪರಂಗಿಯವರದು, ಪೋರ್ಚುಗೀಸರದು, ಸಾರ್. ಆಮೇಲೆ ಗೋಲ್ಕೊಂಡದವರು ಬಂದರು, ಫ್ರೆಂಚರು, ಡಚ್ಚರು ಬಂದರು, ಕೊನೆಗೆ ಇಂಗ್ಲಿಷರು. ಪರಂಗಿಯವರ ಕಾಲದಲ್ಲೇ ನಿಮ್ಮ ಹಂಪಿ ರಾಜನೂ ಒಮ್ಮೆ ದಂಡೆತ್ತಿ ಬಂದು ನಮ್ಮ ಹಿರಿಯರನ್ನು ಒತ್ತೆ ಹಿಡಿದಿದ್ದ."

ಅಪ್ಪನ ಮುಖ ಸಣ್ಣಗಾಯಿತು. "ಒತ್ತೆ ಹಿಡಿದಿದ್ನಾ?"

"ಎಲ್ಲರನ್ನೂ ಬಿಟ್ಟುಬಿಟ್ಟ, ಬಿಡಿ. ಕೊಂಡೊಯ್ದ ಸಾಮಾನನ್ನೂ ತಿರುಗಿ ಕೊಟ್ಟನಂತೆ. ಒಂದು ಬೆಳ್ಳಿ ಚಮಚ ಕಡಿಮೆ ಬಂದರೆ ಅದನ್ನೂ ಹುಡುಕಿಸಿ ಕೊಡಿಸಿದನಂತೆ. ನಮ್ಮಜ್ಜಿ ಹೇಳುತ್ತಿದ್ದರು."

ಅಪ್ಪ ತಾವೇ ಬಿಡುಗಡೆಯಾದವರಂತೆ ಉಸಿರುಬಿಟ್ಟರು. ಗೋಡೆ ಒಡೆಯಲು ಆಂಟಿ ಒಪ್ಪಲಿಲ್ಲ; ಅಪ್ಪನೂ ಅವರ ಪರ. ತೊಟ್ಟಿ ಪಕ್ಕಕ್ಕೆ ಸರಿದು ಚಿಕ್ಕದಾಯಿತು. ಬೇಸಿಗೆಯಿಡೀ ನಾವು ಬಕೆಟ್ ಎಣಿಸಿಕೊಂಡೇ ಸ್ನಾನ ಮಾಡಿದೆವು. ಅಮ್ಮ ಅಪ್ಪ, ಆಂಟಿ ಇಬ್ಬರನ್ನೂ ಬೈದರು.

ಅಂದಿನಿಂದ ಭಾನುವಾರ ಆಂಟಿ ಚರ್ಚಿನಿಂದ ಬರುವುದನ್ನೇ ಅಪ್ಪ ಕಾಯುತ್ತಿದ್ದರು. ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಹಳೆಯ ಕಥೆ ಕೇಳುವರು. ಅಪ್ಪನ ತಮಿಳು ಸುಧಾರಿಸಿತು. ಆಂಟಿ ಕೂಡ ಕೆಳಗಿನಿಂದ "ಊಟ ಆತೇನ್ರೀ?" ಎಂದು ಕೂಗಲು ಕಲಿತರು. ಅದು ಕಿವಿಗೆ ಬಿದ್ದರೆ ನಾನು ಓದುತ್ತಿದ್ದದ್ದನ್ನು ಬಿಟ್ಟು ನಗುತ್ತಿದ್ದೆ.

ಮೂರು ವರ್ಷದ ನಂತರ ಮನೆ ಮಾರಿ ಆಂಟಿಯನ್ನು ಅವರ ಮಗಳು ಚೆನ್ನೈಯ ಉತ್ತರ ತುದಿಯ ಪೆರಂಬೂರಿಗೆ, ತನ್ನ ಮನೆಗೆ ಕರೆದೊಯ್ದಳು. ಕಾರು ಹೊರಟಾಗ ಆಂಟಿ, "ಹೋಗಿ ಬರ್ತೀನ್ರೀ" ಎಂದರು. ಅಪ್ಪ ಓಣಿಯ ತುದಿಯವರೆಗೂ ಕಾರಿನ ಹಿಂದೆ ನಡೆದರು.

ನಾವು ದಕ್ಷಿಣ ತುದಿಯ ಕ್ರೋಂಪೇಟೆಗೆ ಹೋದೆವು. ಅಲ್ಲಿಂದ ಅಪ್ಪ ತಿಂಗಳಿಗೊಮ್ಮೆ, ರೈಲು ಬದಲಿಸಿ, ಪೆರಂಬೂರಿಗೆ ಹೋಗಿಬರುತ್ತಿದ್ದರು.