ಗಂಗಮ್ಮನ ತಾಳ, ಈರೇಶನ ಸ್ಪೀಕರ್

ಪೀಣ್ಯದ ಕಾರ್ಖಾನೆಯೊಂದರಲ್ಲಿ ತಯಾರಾದ ಶಾಫ್ಟುಗಳನ್ನು ಅಳೆದು, ಸರಿಯಾದದ್ದನ್ನೂ ಕೆಟ್ಟದ್ದನ್ನೂ ಬೇರೆ ಮಾಡುವುದು ಈರೇಶನ ಕೆಲಸ. ಅಳತೆ ತಪ್ಪಿ ಬಂದರೆ ಶಾಫ್ಟನ್ನು ಎಸೆಯುವ ಮೊದಲು ಅಳೆಯುವ ಗೇಜೇ ಸರಿಯಿದೆಯೋ ಇಲ್ಲವೋ ನೋಡಿ ಎಂದು ಹೊಸಬರಿಗೆಲ್ಲ ಬುದ್ಧಿ ಹೇಳುವ ಆಸಾಮಿ. ಆ ಬುದ್ಧಿ ಮನೆಗೆ ಬಂದಾಗ ಎಲ್ಲಿ ಹೋಗುತ್ತಿತ್ತೋ!

ಮಾದನಾಯಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಚಿಕ್ಕ ಕೋಣೆಯ ಗೋಡೆಗೆಲ್ಲ ಸದ್ದು ಮಾರ್ದನಿಸದಂತೆ ಹೊದೆಯುವ ಕೌದಿ ಕಟ್ಟಿ ಅವನು ಸ್ಟುಡಿಯೋ ಮಾಡಿಕೊಂಡಿದ್ದ. ಹೆಂಡತಿ ಮೇಘಾ ಅದನ್ನು ಕೌದಿ ಅಂಗಡಿ ಎಂದೇ ಕರೆಯುತ್ತಿದ್ದಳು. ಅಲ್ಲಿ ಮೊದಲು ಹಾಡಿದವರು ಕೆಳಗಿನ ಮನೆಯ ಗಂಗಮ್ಮ. ಈರೇಶನ ಹಾಗೆ ಕೊಪ್ಪಳದ ಕಡೆಯವರು. ಅಲ್ಲಿನವರೆಲ್ಲ ಸೇರಿ ಮಾಡುವ ಸೋಮವಾರದ ಭಜನೆಯಲ್ಲಿ ಅವರು ತಾಳ ಹಿಡಿದರೆ ಉಳಿದವರೆಲ್ಲ ಅವರ ಹಿಂದೆ.

ತಬಲಾ, ಹಾರ್ಮೋನಿಯಂ ಮೊದಲೇ ರೆಕಾರ್ಡ್ ಆಗಿದ್ದವು. ಇಯರ್‌ಫೋನ್ ಹಾಕಿದರೆ ಕಿವಿ ನೋಯುತ್ತದೆ ಎಂದು ಗಂಗಮ್ಮ ಹೇಳಿದ್ದಕ್ಕೆ ಈರೇಶ ಆ ವಾದ್ಯಗಳ ರೆಕಾರ್ಡನ್ನು ಸಣ್ಣ ಬ್ಲೂಟೂತ್ ಸ್ಪೀಕರಿನಲ್ಲಿ ಮೆಲ್ಲಗೆ ಹಾಕಿ, ಅದನ್ನು ಕೇಳುತ್ತಾ ಹಾಡಲು ಹೇಳಿದ. ಆಮೇಲೆ ಎರಡನ್ನೂ ಕೂಡಿಸಿ ಕೇಳಿದರೆ ಗಂಗಮ್ಮನ ದನಿ ಪ್ರತಿ ಸಲವೂ ತಬಲಾಕ್ಕಿಂತ ಒಂದು ಚೂರು ಹಿಂದೆ. ಮುಂದಿನ ಸೋಮವಾರ ಎಲ್ಲರ ಎದುರೇ ಅಂದುಬಿಟ್ಟ: "ದೊಡ್ಡವ್ವಾ, ನಿಮ್ಮ ತಾಳ ತಪ್ಪಾಕತ್ತೈತಿ. ಕಂಪ್ಯೂಟರ್‌ನಾಗ ಕಾಣತೈತಿ ನೋಡ್ರಿ."

ಕಿವಿ ಮಂದವಾಯಿತೇನೋ ಎಂದು ಗಂಗಮ್ಮ ಹೆದರಿದರು. ಮಗ ಶೇಖರಪ್ಪ ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದ. ಕಿವಿ ಚೆನ್ನಾಗಿದೆ ಎಂದರಂತೆ. ಆದರೂ ಅವರು ಭಜನೆಯಲ್ಲಿ ಮೂಲೆ ಹಿಡಿದು, ಬಾಯಿ ಮುಚ್ಚಿ ಕೂರತೊಡಗಿದರು. ಈರೇಶನಿಗೆ ಪಾಪ ಅನ್ನಿಸಿತು. ಆದರೆ ನಿಜ ಹೇಳಿದ್ದೇನೆ ಎಂಬ ಜಂಬವೂ ಇತ್ತು.

ರೆಕಾರ್ಡಿಂಗ್ ಪರೀಕ್ಷಿಸಿ ಕೇಳಲು ಒಳ್ಳೆಯ ಮಾನಿಟರ್ ಸ್ಪೀಕರ್ ಬೇಕೆಂದು ರಾಜಾಜಿನಗರದ ಅಂಗಡಿಗೆ ಹೋದ ದಿನ ಆ ಜಂಬ ಇಳಿಯಿತು. ಕೈಗೆಟಕುವ ಜೋಡಿ ಒಂದಿತ್ತು. ಅದಕ್ಕೆ ವೈರೂ ಉಂಟು, ಬ್ಲೂಟೂತೂ ಉಂಟು. ಲ್ಯಾಪ್‌ಟಾಪಿಗೆ ವೈರು ಚುಚ್ಚಿ, ಅದರ ಕೀಲಿಮಣೆ ಒತ್ತಿ ತಬಲಾ ನುಡಿಸಿ ನೋಡಿದ. ಬೆರಳು ತಾಗಿದ ಕೂಡಲೇ ಸದ್ದು. ವೈರು ಕಿತ್ತು ಬ್ಲೂಟೂತಿಗೆ ಹಾಕಿದ. ಒತ್ತಿದ ಬೆರಳು ಮೇಲೆದ್ದ ಮೇಲೆ ಸದ್ದು ಬಂತು. ಮತ್ತೆ ಮತ್ತೆ ಒತ್ತಿದ. ಪ್ರತಿ ಸಲವೂ ಅದೇ ಒಂದು ಚೂರು ತಡ.

"ಹಾಡು ಕೇಳೋಕೆ ಏನೂ ತೊಂದ್ರೆ ಇಲ್ಲ ಸಾರ್," ಎಂದ ಅಂಗಡಿಯ ಗುರುರಾಜ್. ಈರೇಶನಿಗೆ ಮನೆಯ ಬ್ಲೂಟೂತ್ ಸ್ಪೀಕರ್ ನೆನಪಾಯಿತು. ತಡವಾಗಿ ಬಂದ ತಬಲಾಕ್ಕೆ ಗಂಗಮ್ಮ ಕರಾರುವಾಕ್ಕಾಗಿ ಹಾಡಿದ್ದರು. ಅವನು ಗೇಜು ನೋಡದೆ ಮನುಷ್ಯರನ್ನೇ ಎಸೆದಿದ್ದ.

ಆ ಜೋಡಿಯನ್ನೇ ತಂದು, ವೈರು ಹಾಕಿ, ಕಂಪ್ಯೂಟರಿನಲ್ಲಿ ಗಂಗಮ್ಮನ ದನಿಯನ್ನು ಆ ಒಂದು ಚೂರು ಮುಂದಕ್ಕೆ ಸರಿಸಿದ. ಮೊದಲಿಂದ ಕೊನೆಯವರೆಗೆ ಒಂದು ಪೆಟ್ಟೂ ತಪ್ಪಿರಲಿಲ್ಲ. ಓಡಿಹೋಗಿ ಅವರನ್ನು ಕರೆತಂದು ಕೇಳಿಸಿದ.

ಗಂಗಮ್ಮನ ಮುಖ ಅರಳಿತು. "ಎಷ್ಟು ಚಂದ ಸರಿ ಮಾಡೀಯಪಾ!"

"ನಾ ಸರಿ ಮಾಡಿಲ್ಲರೀ ದೊಡ್ಡವ್ವಾ. ನೀವು ಹಾಡಿದ್ದೇ ಹಿಂಗ. ಸ್ಪೀಕರ್ ತಡಾ ಮಾಡಿತ್ತು. ತಪ್ಪು ನಂದು, ಕ್ಷಮಿಸಿಬಿಡ್ರಿ."

"ಇರ್ಲಿ ಬಿಡೋ ತಮ್ಮಾ. ಮುದುಕಿ ಮನಸು ನೋಯಬಾರದಂತ ತಪ್ಪು ನಿನ್ನ ತಲಿ ಮ್ಯಾಲ ಹಾಕ್ಕೋತಿ. ದೇವರು ನಿನ್ನ ಚಲೋ ಇಡಲಿ."

"ಹಂಗಾರ ಈಗ ಹಾಡ್ರಿ. ಯಾವ ಮಷಿನೂ ಬ್ಯಾಡ, ಬರೇ ಕೈತಾಳ ಹಾಕ್ರಿ."

ಗಂಗಮ್ಮ ಎರಡೂ ಕೈ ಎತ್ತಿದರು. ಅವು ಕೂಡುವ ಮೊದಲೇ ಈರೇಶನ ಮುಖ ನೋಡಿ, ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

"ಬ್ಯಾಡಪಾ. ನಿನ್ನಂಥಾ ತಿಳಿದಾವರ ಮುಂದ ಮತ್ತ ತಪ್ಪಿದರ?"