ಮೇಲಿಟ್ಟ ಹಸಿರು ಕಾಯಿ

ನಮ್ಮಣ್ಣ ಗಂಗಾಧರನಿಗೆ ಕೆಂಪು ಮತ್ತು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಇದು ಮೊದಲು ಗೊತ್ತಾದದ್ದು ಮಸ್ಕಿ ಹತ್ತಿರ, ಅಮರಗುಂಡಪ್ಪ ಸಾಹುಕಾರರ ಮೆಣಸಿನಕಾಯಿ ಹೊಲದಲ್ಲಿ. ಅವ್ವ ಯಂಕಮ್ಮ ಅಲ್ಲಿ ಕಾಯಿ ಬಿಡಿಸಲು ಹೋಗುತ್ತಿದ್ದಳು. ಶಾಲೆಗೆ ರಜೆಯಿದ್ದಾಗ ಅಣ್ಣನೂ ಹೋಗುತ್ತಿದ್ದ. ಎಲ್ಲರ ಬುಟ್ಟಿಯಲ್ಲಿ ಹಣ್ಣಾದ ಕೆಂಪು ಕಾಯಿ, ಇವನ ಬುಟ್ಟಿಯಲ್ಲಿ ಅರ್ಧ ಹಸಿರು. ಸಾಹುಕಾರರು ಬದುವಿನ ಮೇಲೆ ನಿಂತು, ನಿನ್ನ ಮಗ ಮಿರ್ಚಿಭಜಿ ಅಂಗಡಿ ಇಡ್ತಾನೇನು ಯಂಕಮ್ಮ ಎಂದು ನಗುತ್ತಿದ್ದರು. ಅವ್ವ, ಅವರು ಬರುವುದು ಕಂಡರೆ ತನ್ನ ಬುಟ್ಟಿಯಿಂದ ಎರಡು ಬೊಗಸೆ ಕೆಂಪು ಕಾಯಿ ತೆಗೆದು ಅಣ್ಣನ ಬುಟ್ಟಿಯ ಮೇಲೆ ಹರಡಿಬಿಡುತ್ತಿದ್ದಳು. ಮುಂದೆ ಅಣ್ಣ ಕಾಯಿಯನ್ನು ಬೆರಳಿನಿಂದ ಒತ್ತಿ ಗುರುತಿಸಲು ಕಲಿತ. ಹಣ್ಣಾದದ್ದು ಸ್ವಲ್ಪ ಮೆತ್ತಗಿರುತ್ತದೆ. ಆದರೂ ಆಗಾಗ ತಪ್ಪುತ್ತಿದ್ದ.

ಡಿಗ್ರಿ ಮುಗಿಸಿ ರೈಲ್ವೆ ಪರೀಕ್ಷೆ ಪಾಸಾದ. ಆದರೆ ಕಣ್ಣಿನ ತಪಾಸಣೆಯಲ್ಲಿ ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿ ಓದಲಾಗದೆ ಮನೆಗೆ ಬಂದ. ಆ ದಿನದಿಂದ ಈ ಮಾತನ್ನು ಯಾರ ಮುಂದೆಯೂ ಎತ್ತಬಾರದೆಂದು ನಮಗೆ ಹೇಳಿಬಿಟ್ಟ.

ಆಮೇಲೆ ಲಿಂಗಸುಗೂರಿನಲ್ಲಿ ಕೆಲಸ ಸಿಕ್ಕಿತು. ಬಸ್ ನಿಲ್ದಾಣದ ಹಿಂದೆ ಬಟ್ಟೆ ಅಂಗಡಿಯ ಮಹಡಿಯಲ್ಲಿ ಒಂದು ಚಿಕ್ಕ ಕಂಪನಿ ಇದೆ. ವಿಮಾ ಸಂಸ್ಥೆಯೊಂದರ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್ ಹೈದರಾಬಾದಿನಲ್ಲಿದೆ. ಅದನ್ನು ನೋಡಿಕೊಳ್ಳುವ ಪರದೆಗಳು ಇಲ್ಲಿವೆ. ಅವಕ್ಕೆ ಕನ್ಸೋಲ್ ಎನ್ನುತ್ತಾರೆ. ನಾನು ಹತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು, ನನಗೂ ತಿಳಿಯುವಂತೆ ಅಣ್ಣ ಹೇಳಿದ್ದು ಹೀಗೆ: ಯಂತ್ರ ಇಡೀ ದಿನ ಸಾಲು ಸಾಲಾಗಿ ಮಾತಾಡುತ್ತಲೇ ಇರುತ್ತದೆ. ಬಹಳಷ್ಟು ಬರೀ ವರದಿ, ಬಂದು ಸರಿದುಹೋಗುತ್ತವೆ. ಕೆಲವು ಪ್ರಶ್ನೆಗಳು; ಆಪರೇಟರ್ ಉತ್ತರ ಕೊಡುವ ತನಕ ಅಲ್ಲಿಯ ಕೆಲಸ ನಿಂತೇ ಇರುತ್ತದೆ. ಗಮನ ಕೊಡಬೇಕಾದ ಸಾಲಿನ ಮುಂದೆ ಚಿಕ್ಕ ನಕ್ಷತ್ರದ ಗುರುತು ಇರುತ್ತದೆ. ಅಣ್ಣ ಆ ನಕ್ಷತ್ರವನ್ನೇ ನಂಬಿ ಕೆಲಸ ಮಾಡಿದ. ಬಣ್ಣ ಅವನಿಗೆ ಬೇಕಾಗಿಯೇ ಇರಲಿಲ್ಲ.

ಹೋದ ದೀಪಾವಳಿ ಕಳೆದ ಮೇಲೆ ತೊಂದರೆ ಶುರುವಾಯಿತು. ಕನ್ಸೋಲ್‌ಗಳ ಸೆಟ್ಟಿಂಗ್ ನೋಡಿಕೊಳ್ಳುವವರು ಸಿಂಧನೂರಿನ ವಿಜಯಶ್ರೀ ಮೇಡಂ. ಯಾವ ಸಂದೇಶ ಕಾಣಬೇಕು, ಅದರ ಬಣ್ಣ ಯಾವುದು ಎಂಬುದೆಲ್ಲ ಒಂದೇ ಕಡೆ ಬರೆದಿರುತ್ತದೆ. ಅಲ್ಲಿ ಬದಲಿಸಿದರೆ ಎಲ್ಲ ಪರದೆಗಳೂ ಬದಲಾಗುತ್ತವೆ. ನಕ್ಷತ್ರವಿಲ್ಲದ ಕೆಲವು ಸಂದೇಶಗಳೂ ತುರ್ತಿನವು ಎಂದು ವಿಮಾ ಸಂಸ್ಥೆಯವರು ಹೇಳಿದ್ದರಿಂದ ಮೇಡಂ ಅವಕ್ಕೆ ಕೆಂಪು ಬಣ್ಣ ಕೊಟ್ಟರು. ಉಳಿದವು ಹಸಿರು. ಒಂದು ವಾರ ಎಲ್ಲರೂ ಪರೀಕ್ಷೆಗೆಂದೇ ಇರುವ ಬೇರೆ ಯಂತ್ರದ ಮೇಲೆ ಅಭ್ಯಾಸ ಮಾಡಬೇಕು, ಕೆಂಪು ಸಾಲು ಬಂದಕೂಡಲೇ ಹೇಳಬೇಕು. ಹೇಳಲಾಗದವರಿಗೆ ಕನ್ಸೋಲ್ ಕೊಡುವುದಿಲ್ಲ ಎಂದು ಕಂಪನಿ ತಿಳಿಸಿತು.

ಮೊದಲ ದಿನವೇ ಅಣ್ಣನ ಪರದೆಗೆ ಕೆಂಪು ಸಾಲು ಬಂತು. ಅಣ್ಣ ಸುಮ್ಮನೆ ಕೂತಿದ್ದ. ಪಕ್ಕದ ಸೀಟಿನ ಚನ್ನು ಮೊಣಕೈಯಿಂದ ತಿವಿದ.

"ಕಣ್ಣ ತೆರಕೊಂಡ ನಿದ್ದಿ ಹೊಡಿಯಾಕತ್ತೀಯೇನಲೇ?"

ಎಲ್ಲರೂ ನಕ್ಕರು. ಮೇಡಂ ಮಾತ್ರ ನಗಲಿಲ್ಲ.

ಸಂಜೆ ಅಣ್ಣ ಮನೆಗೆ ಬಂದು ತಾಟಿನ ಮುಂದೆ ಕೂತ, ರೊಟ್ಟಿ ಮುರಿಯಲಿಲ್ಲ. ನಡೆದದ್ದನ್ನು ಹೇಳಿ, ಕೆಂಪು ಬಂದಾಗ ಕಾಲು ತಟ್ಟು ಎಂದು ಚನ್ನುವನ್ನೇ ಕೇಳಿಕೊಳ್ಳುತ್ತೇನೆ ಎಂದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಹೊಲದಾಗ ನಿನ್ನ ಬುಟ್ಟಿ ನಾ ಮುಚ್ಚೀನಿ. ಅದು ಕಾಯಿ, ತಪ್ಪಿದ್ರ ಒಂದ್ ಮಾತು ಅಂತಿದ್ರು. ಇಲ್ಲಿ ನಿನ್ನ ನಂಬ್ಯಾರ. ಹೋಗಿ ಹೇಳು."

"ಹೇಳಿದ್ರ ರೈಲ್ವೆದವ್ರಂಗ ಮನಿಗೆ ಕಳಿಸ್ತಾರಬೇ."

"ಕಳಿಸ್ಲಿ. ಮುಚ್ಚಿದ ಬುಟ್ಟಿ ಎಷ್ಟ ದಿನ ಹೊರ್ತಿ?"

ಮರುದಿನ ಅಣ್ಣ ಮೇಡಂ ಅವರಿಗೆ ಹೇಳಿದ. ರೈಲ್ವೆ ತಪಾಸಣೆಯಿಂದ ಶುರುಮಾಡಿ ಮಿರ್ಚಿಭಜಿ ಅಂಗಡಿಯ ತನಕ ಎಲ್ಲವನ್ನೂ ಹೇಳಿದನಂತೆ. ಮೇಡಂ ಸಮಾಧಾನದ ಮಾತು ಆಡಲಿಲ್ಲ. ಕುರ್ಚಿ ಎಳೆದುಕೊಂಡು ಅವನ ಪರದೆಯ ಮುಂದೆ ಕೂತರು. ಹಳದಿ ಹೇಗೆ ಕಾಣುತ್ತದೆ, ನೀಲಿ ಹೇಗೆ, ಕೆಳಗೆ ಗೆರೆ ಎಳೆದರೆ ಹೇಗೆ ಎಂದು ಒಂದೊಂದನ್ನೇ ಹಾಕಿ ತೋರಿಸಿ ಕೇಳಿದರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಕೊನೆಗೆ ಕಪ್ಪು ಪರದೆಯ ಮೇಲಿನ ತುರ್ತು ಸಾಲನ್ನು ತಿರುವಿಹಾಕಿದರು: ಅಕ್ಷರ ಕಪ್ಪು, ಅಕ್ಷರದ ಹಿಂದಿನ ಪಟ್ಟಿ ಪೂರ್ತಿ ಬಣ್ಣ. ಅದು ಯಾವ ಬಣ್ಣವೋ ಅಣ್ಣನಿಗೆ ತಿಳಿಯಲಿಲ್ಲ. ಆದರೆ ಗೋಡೆಯಲ್ಲಿ ಹೊರಗೆ ಚಾಚಿದ ಇಟ್ಟಿಗೆಯ ಹಾಗೆ ಅದೊಂದೇ ಎದ್ದು ಕಂಡಿತು.

ನನ್ನ ಪರದೆಗಷ್ಟೇ ಹೀಗೆ ಮಾಡಿಕೊಡಿ, ಸಾಕು ಎಂದು ಅಣ್ಣ ಕೇಳಿಕೊಂಡ.

"ಪಾಳಿ ಬದಲಾದ್ರ ಬ್ಯಾರೆ ಸೀಟಿಗೆ ಕುಂದ್ರಂಗಿಲ್ಲೇನ್ರೀ ಗಂಗಾಧರ?" ಎಂದರು ಮೇಡಂ. "ಎಲ್ಲಾ ಕಡಿ ಹಾಕ್ತೀನಿ. ಯಾಕಂತ ನಾ ಯಾರಿಗೂ ಹೇಳಂಗಿಲ್ಲ."

ಹೈದರಾಬಾದಿನ ವಿಮಾ ಸಂಸ್ಥೆಯವರನ್ನು ಒಪ್ಪಿಸಿ ಎರಡು ದಿನದಲ್ಲಿ ಹಾಕಿಯೂ ಬಿಟ್ಟರು. ಎಲ್ಲ ಪರದೆಗಳೂ ಬದಲಾದಾಗ ಚನ್ನು, ಇದೇನು ಬಣ್ಣ ಬಣ್ಣದ ಮದುವಿ ಹಂದರ ಆಗೇತಲ್ಲ ಎಂದು ಗೊಣಗಿದ. ಕಿಟಕಿ ಪಕ್ಕ ಕೂರುವ ಹಿರಿಯ ಆಪರೇಟರ್ ಜಬೀವುಲ್ಲಾ ಮಾತ್ರ, ಬಿಸಿಲು ಬಿದ್ದಾಗ ತನಗೆ ಇದೇ ಛಲೋ ಎಂದರು. ಆಗ ಅಣ್ಣ ತಾನೇ ಬಾಯಿ ತೆರೆದ.

"ಅದು ನನ್ನ ಸಲುವಾಗಿ ಹಾಕ್ಯಾರ. ನನಗ ಕೆಂಪು ಹಸರು ತಿಳಿಯಂಗಿಲ್ಲ."

ಚನ್ನು ಕುರ್ಚಿಯನ್ನು ಅಣ್ಣನ ಕಡೆ ತಿರುಗಿಸಿದ. "ಮೊದ್ಲ ಹೇಳಬಾರದೇನಲೇ," ಎಂದ. "ಇನ್ನ ಮ್ಯಾಲ ರಾಯಚೂರಿಗೆ ಹೋದ್ರ ಅಲ್ಲಿ ಸಿಗ್ನಲ್ ಅದಾವ, ಗಾಡಿ ನಾ ಹೊಡಿತೀನಿ ತಗೋ."

ವಾರದ ಕೊನೆಯ ದಿನ ನಕ್ಷತ್ರವಿಲ್ಲದ ಆ ಸಾಲು ಮತ್ತೆ ಬಂತು. ಚನ್ನು ತಲೆ ಎತ್ತುವ ಮೊದಲೇ ಅಣ್ಣ ಹೇಳಿದ. ಅವನ ಸೀಟು ಅವನಿಗೇ ಉಳಿಯಿತು. ಮೇಡಂ ಕುರ್ಚಿ ಎಳೆದುಕೊಂಡು ಕೂತದ್ದನ್ನು ಅವ್ವ ಈಗಲೂ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ, ತಾನೇ ಕಂಡವಳ ಹಾಗೆ.

ಸಂಕ್ರಾಂತಿಯ ಹೊತ್ತಿಗೆ ಕಾಯಿ ಕೆಂಪಾದವು. ಮೇಡಂ ಮನೆಗೆ ಕೆಂಪು ಕಾಯಿಯ ಚಟ್ನಿ ರಂಜಕ ಅರೆಯಲು ಒಂದು ಚೀಲ ಕಾಯಿ ಕೊಡಬೇಕು ಎಂದು ಅವ್ವ ಸಾಹುಕಾರರನ್ನು ಕೇಳಿದಳು. ಬಿಡಿಸಿಕೊಳ್ಳಿ ಎಂದರು. ಅವ್ವ ಅಣ್ಣನಿಗೇ ಬಿಡಿಸಲು ಹೇಳಿದಳು. ಅವನು ಪ್ರತಿಯೊಂದನ್ನೂ ಒತ್ತಿ ನೋಡಿ ಬಿಡಿಸಿದ, ಹೊತ್ತು ಏರಿತು. ಚೀಲ ತುಂಬಿದಾಗ ನೋಡಿದೆ, ಎಲ್ಲಕ್ಕಿಂತ ಮೇಲೆ ಎರಡು ಹಸಿರು ಕಾಯಿ ಇದ್ದವು. ತೆಗೆಯಲು ಕೈ ಹಾಕಿದೆ. ಅವ್ವ ನನ್ನ ಕೈ ಹಿಡಿದಳು.

"ಇರ್ಲಿ ಬಿಡು. ಅವ್ರಿಗೆ ಗೊತ್ತೈತಿ."

ಅಣ್ಣ ಚೀಲದ ಬಾಯಿ ಕಟ್ಟದೆ ಹಾಗೆಯೇ ಎತ್ತಿಕೊಂಡು ಲಿಂಗಸುಗೂರಿನ ಬಸ್ ಹತ್ತಿದ.